ಗೋಳಿಬಜೆ ಮತ್ತು ಕೊನೆಯ ಕೋಟ್ ವಾರ್ನಿಷ್

ನನಗೆ ಈಜು ಬರುವುದಿಲ್ಲ. ದೋಣಿ ಕಟ್ಟಿದೆ ಎಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಅದೇ ಆದ್ದರಿಂದ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ನಾನು ಬೆಂಗಳೂರಿನ ಚಾಮರಾಜಪೇಟೆಯವನು. ಬಾಲ್ಯದಲ್ಲಿ ನನಗೆ ಗೊತ್ತಿದ್ದ ಅತಿ ದೊಡ್ಡ ಜಲರಾಶಿ ನಮ್ಮ ಮನೆಯ ಸಂಪು, ಅದಕ್ಕೂ ಬೀಗ ಹಾಕಿರುತ್ತಿದ್ದರು. ಸಮುದ್ರವನ್ನು ನೋಡಿದ್ದು ಕಾಲೇಜಿನ ಟೂರಿನಲ್ಲಿ, ಅದೂ ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲು ಮುಳುಗುವಷ್ಟು ಮಾತ್ರ.

2020ರಲ್ಲಿ ಎಲ್ಲರೂ ಮನೆಯೊಳಗೆ ಕೂತು ತಲೆ ಕೆಡಿಸಿಕೊಂಡಾಗ ನನ್ನ ಸಹೋದ್ಯೋಗಿಗಳು ಬ್ರೆಡ್ ಬೇಯಿಸಿದರು, ಗಡ್ಡ ಬಿಟ್ಟರು, ಒಬ್ಬ ಮಹಾಶಯ ಝೂಮ್‌ನಲ್ಲಿ ಪ್ರಾಣಾಯಾಮ ಕಲಿಸತೊಡಗಿದ. ನಾನು ಒಂದು ರಾತ್ರಿ ನಿದ್ದೆ ಬಾರದೆ ಇಂಟರ್‌ನೆಟ್ಟಿನಲ್ಲಿ ಹನ್ನೆರಡು ಅಡಿಯ ಹಾಯಿದೋಣಿಯ ನಕ್ಷೆ ಕೊಂಡೆ. ಪ್ಲೈವುಡ್ ಹಲಗೆಗಳನ್ನು ನಕ್ಷೆಯ ಪ್ರಕಾರ ಕತ್ತರಿಸಿ, ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಎಪಾಕ್ಸಿ ಅಂಟು ತುಂಬಿದರೆ ದೋಣಿಯಾಗುತ್ತದೆ ಎಂದು ಅದರಲ್ಲಿ ಬರೆದಿತ್ತು. ತಾಳ್ಮೆಯುಳ್ಳ ಹೊಸಬರಿಗೆ ಮೂರು ತಿಂಗಳು ಸಾಕಂತೆ. ನಾನು ಹೊಸಬ ಎನ್ನುವುದೇನೋ ನಿಜ. ದೋಣಿ ಮುಗಿಯಲು ನಾಲ್ಕು ವರ್ಷ ಹಿಡಿಯಿತು.

ಕಟ್ಟಿದ್ದು ಸ್ಯಾನ್ ಡಿಯಾಗೋದಿಂದ ಎರಡು ಗಂಟೆ ದಾರಿಯ ಸೆರಿಟೋಸ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ. ಇಲ್ಲಿನ ನಮ್ಮವರ ಗ್ಯಾರೇಜುಗಳಲ್ಲಿ ಕಾರು ಒಂದು ಬಿಟ್ಟು ಉಳಿದೆಲ್ಲ ಇರುತ್ತದೆ. ಸೋನಾ ಮಸೂರಿ ಅಕ್ಕಿಯ ಮೂಟೆಗಳು, ವೆಟ್ ಗ್ರೈಂಡರ್, ಗಣಪತಿ ಹಬ್ಬದ ಮಂಟಪ, ಯಾರೂ ಹತ್ತದ ಟ್ರೆಡ್‌ಮಿಲ್. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಗ್ಯಾಸ್ ಒಲೆ. ಕರಿಯುವುದು, ಹುರಿಯುವುದು, ಮೀನು, ಘಾಟಿನ ಒಗ್ಗರಣೆ, ಇವೆಲ್ಲ ಒಳಗಿನ ಅಡುಗೆಮನೆಯಲ್ಲಿ ನಡೆದರೆ ಸೋಫಾಕ್ಕೆ, ಕೋಟಿಗೆ, ಮಕ್ಕಳ ಸ್ಕೂಲ್ ಬ್ಯಾಗಿಗೆ ವಾಸನೆ ಹತ್ತುತ್ತದೆ, ಸ್ಮೋಕ್ ಅಲಾರ್ಮ್ ಬೇರೆ ಬೊಬ್ಬೆ ಹಾಕುತ್ತದೆ. ಆದ್ದರಿಂದ ಘನಂದಾರಿ ಅಡುಗೆಯೆಲ್ಲ ಗ್ಯಾರೇಜಿನಲ್ಲಿ. ಒಳಗಿನ ಅಡುಗೆಮನೆ ಇರುವುದು ಗ್ರಾನೈಟ್ ತೋರಿಸುವುದಕ್ಕೆ.

ದೋಣಿ ಬಂದ ಮೇಲೆ ಆ ಒಲೆಗೂ ನನಗೂ ಯುದ್ಧ ಶುರುವಾಯಿತು. ಹೆಂಡತಿ ದೋಣಿಗೆ ‘ಸವತಿ’ ಎಂದು ಹೆಸರಿಟ್ಟಳು. ಅವಳು ಫಾರ್ಮಸಿಯ ಕೆಲಸದಿಂದ ಬಂದವಳೇ, ಸವತಿಗೆ ಇವತ್ತು ಏನು ಹಚ್ಚಿದ್ರಿ, ಎಂದು ಕೇಳುತ್ತಿದ್ದಳು. ನಾನು ಬಹಳ ಗಂಭೀರವಾಗಿ ಎಪಾಕ್ಸಿಯ ಎರಡನೇ ಪದರದ ಬಗ್ಗೆ ವಿವರಿಸುತ್ತಿದ್ದೆ. ಅವಳು ಬಟ್ಟೆ ಬದಲಾಯಿಸಲು ಹೋದ ಮೇಲೂ ವಿವರಿಸುತ್ತಲೇ ಇರುತ್ತಿದ್ದೆ.

ಓಡಾಟದ ನಿರ್ಬಂಧ ಸಡಿಲವಾದ ಮೇಲೆ ಅವಳ ತಾಯಿ, ಅಂದರೆ ನನ್ನ ಅತ್ತೆ, ನಮ್ಮಲ್ಲಿಗೆ ಬಂದರು. ಕುಂದಾಪುರದ ಕಡೆಯವರು, ಎಪ್ಪತ್ತೆಂಟು ವರ್ಷ, ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು. ಬಂದ ದಿನವೇ ಗ್ಯಾರೇಜಿಗೆ ಇಳಿದು ದೋಣಿಯನ್ನು ಸುತ್ತು ಹಾಕಿ ನೋಡಿದರು. ಆಗ ಅದು ತಂತಿಯ ಹೊಲಿಗೆಗಳೆಲ್ಲ ಕಾಣುತ್ತ ಆಪರೇಷನ್ ಮುಗಿಸಿ ಮಲಗಿದವರ ಹಾಗಿತ್ತು. ಘಟ್ಟದ ಮೇಲಿನವರಿಗೆ ದೋಣಿ ಯಾಕೆ ಬೇಕಾಯಿತು ಎಂದು ಮಗಳನ್ನು ಕೇಳಿದರು. ನನ್ನನ್ನು ಕೇಳಲಿಲ್ಲ. ಅಳಿಯನಿಗೆ ನೇರವಾಗಿ ಬಯ್ಯುವ ಪದ್ಧತಿ ಅವರಲ್ಲಿಲ್ಲ. ನಾನು ಪಕ್ಕದಲ್ಲೇ ನಿಂತಿರುವಾಗ ಮಗಳಿಗೆ ಹೇಳುವ ಪದ್ಧತಿ ಇದೆ.

ಒಲೆ ಅವರ ಕೈಗೆ ಬಂತು. ಎರಡೂವರೆ ವರ್ಷ ದೋಣಿಯ ಒಂದು ಬದಿಯಲ್ಲಿ ನಾನು ಉಜ್ಜುತ್ತಿದ್ದೆ, ಇನ್ನೊಂದು ಬದಿಯಲ್ಲಿ ಅವರು ಕರಿಯುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಕಾರು ಬಾರದು, ಟೀವಿ ಬೇಜಾರು. ಹಾಗಾಗಿ ಹಗಲೆಲ್ಲ ಮನೆಯಿಂದಲೇ ಕೆಲಸ ಮಾಡುತ್ತ ಮಧ್ಯೆ ಮಧ್ಯೆ ಗ್ಯಾರೇಜಿಗೆ ಓಡುವ ಅಳಿಯನೇ ಅವರ ಸಮಾಜ. ಕೊನೆಗೆ ವಾರ್ನಿಷ್ ಹಚ್ಚುವ ಹಂತ ಬಂದಾಗ ನಾನು ಫರ್ಮಾನು ಹೊರಡಿಸಿದೆ: ಎಣ್ಣೆ ಹೊಗೆ ದೋಣಿಗೆ ಆಗಿಬರುವುದಿಲ್ಲ, ಒಲೆ ಹಿತ್ತಲಿಗೆ ಹೋಗಬೇಕು. ಅತ್ತೆ ಒಲೆಯ ಜೊತೆ ಹಿತ್ತಲಿಗೆ ಹೋದರು. ಅಲ್ಲಿ ನಿಂಬೆಗಿಡದ ಪಕ್ಕ ಸ್ವೆಟರ್ ಹಾಕಿಕೊಂಡು ದೋಸೆ ಹುಯ್ಯುವುದನ್ನು ಕಿಟಕಿಯಿಂದ ನೋಡಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ದೋಸೆ ಬಂದ ಮೇಲೆ ಹೋಯಿತು.

ಆ ಬೇಸಿಗೆಯ ಮೊದಲಿಗೆ ಅವರು ವಾಪಸು ಹೋಗುತ್ತೇನೆಂದರು. ಶಾಶ್ವತವಾಗಿ. ಜಗಳವಿಲ್ಲ, ಕಣ್ಣೀರಿಲ್ಲ. ಮಂಗಳೂರಿನಲ್ಲಿ ತಂಗಿಯ ಫ್ಲಾಟ್ ಇದೆ, ಅಲ್ಲಿ ಮಧ್ಯಾಹ್ನ ಇಸ್ಪೀಟಿಗೆ ಐದು ಜನ ಸೇರುತ್ತಾರೆ, ಆರನೆಯ ಕೈ ಖಾಲಿ ಇದೆ. ಇಲ್ಲಿ ಮಾತಾಡಲು ಜನರಿಲ್ಲ, ಇದ್ದವರಿಗೆ ಪುರುಸೊತ್ತಿಲ್ಲ ಎಂದರು. ಜೂನ್ ತಿಂಗಳ ಒಂದು ಶುಕ್ರವಾರಕ್ಕೆ ಟಿಕೆಟ್ ಬುಕ್ ಆಯಿತು.

ಟಿಕೆಟ್ ಆದ ವಾರ ನಾನು ಚುಕ್ಕಾಣಿಯ ಹಿಡಿಯನ್ನು ಕೆತ್ತುತ್ತಿದ್ದೆ. ಹಿಂಬದಿಯಲ್ಲಿ ನೀರಿಗಿಳಿಯುವ ಹಲಗೆಯನ್ನು ತಿರುಗಿಸಲು ಒಂದು ಉದ್ದನೆಯ ಮರದ ಕೋಲು, ಅಷ್ಟೇ. ಅತ್ತೆ ಬಂದು ಅದನ್ನು ಕೈಗೆತ್ತಿಕೊಂಡು, ಹಿಡಿದು, ಬಿಟ್ಟು, ಮತ್ತೆ ಹಿಡಿದರು. ಆಮೇಲೆ ಅಕ್ಕಿ ಮೂಟೆಯ ಮೇಲೆ ಕೂತು ಒಂದು ಕಥೆ ಹೇಳಿದರು. ಅವರ ಶಾಲೆ ಹೊಳೆಯಾಚೆ ಇತ್ತು. ಬೆಳಿಗ್ಗೆ ಸಂಜೆ ಕಡವಿನ ದೋಣಿ ದಾಟಬೇಕಿತ್ತು. ಗಂಡು ಹುಡುಗರಿಗೆ ದೋಣಿಯವನು ಆಗಾಗ ಹುಟ್ಟು ಕೊಡುತ್ತಿದ್ದ, ಹಿಂದೆ ನಿಂತು ದೋಣಿ ತಿರುಗಿಸಲು ಬಿಡುತ್ತಿದ್ದ. ಹೆಣ್ಣುಮಕ್ಕಳಿಗೆ ನಡುವೆ, ಮೀನಿನ ಬುಟ್ಟಿಗಳ ಹತ್ತಿರ ಜಾಗ. ಏಳು ವರ್ಷ ಕೇಳಿದರಂತೆ, ಒಂದು ಸಲವೂ ಸಿಗಲಿಲ್ಲ. ಮದುವೆಯ ದಿನವೂ ಅದೇ ದೋಣಿಯಲ್ಲಿ, ಅದೇ ನಡುವೆ, ಬುಟ್ಟಿಯ ಬದಲು ಟ್ರಂಕಿನ ಹತ್ತಿರ ಕೂತು ದಾಟಿದರು. ಆಮೇಲೆ ಸೇತುವೆ ಬಂತು, ದೋಣಿ ಹೋಯಿತು.

“ನಂಗೆ ಇಲ್ಲಿ ಎಂತದೂ ಬ್ಯಾಡ,” ಎಂದರು. “ಹೋಪುಕ್ ಮುಂಚೆ ಒಂದ್ ಸಲ ಇದನ್ನ ನಾನ್ ಹಿಡೀಕ್. ನೀರಂಗೆ.”

ಖಂಡಿತ ಅತ್ತೆ, ನೀರಿಗಿಳಿದ ಕೂಡಲೇ ಮೊದಲು ನೀವೇ ಹಿಡಿಯಿರಿ, ನಿಮ್ಮದೇ ದೋಣಿ, ಎಂದೆ. ಅಷ್ಟು ಉದಾರವಾಗಿ ಮಾತು ಕೊಟ್ಟದ್ದಕ್ಕೆ ಕಾರಣ, ದೋಣಿ ಅಷ್ಟರೊಳಗೆ ಮುಗಿಯುತ್ತದೆಂದು ನನಗೇ ನಂಬಿಕೆಯಿರಲಿಲ್ಲ. ಆದರೆ ಎರಡೂವರೆ ವರ್ಷದಲ್ಲಿ ಆ ಹೆಂಗಸು ಒಂದು ವಸ್ತು ಬೇಕೆಂದು ಕೇಳಿರಲಿಲ್ಲ. ಕೆತ್ತುವುದನ್ನು ಮುಂದುವರಿಸಿದಂತೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಶುಕ್ರವಾರ ಅವರು ವಿಮಾನ ಹತ್ತುವ ಮುಂಚೆ ಈ ದೋಣಿ ನೀರಿಗೆ ಬೀಳಲೇಬೇಕು. ನಾಲ್ಕು ವರ್ಷ ಆಟವಾಗಿದ್ದದ್ದು ಮೂರು ವಾರದಲ್ಲಿ ಡ್ಯೂಟಿಯಾಯಿತು.

ಗುರುವಾರಕ್ಕೆ ದಿನ ಗೊತ್ತು ಮಾಡಿದೆವು. ಜಾಗ ಸ್ಯಾನ್ ಡಿಯಾಗೋದ ಮಿಷನ್ ಬೇ ಎಂಬ ಕೊಲ್ಲಿ. ನಮಗೆ ಹತ್ತಿರವಾದ ನೀರು ಬೇಕಾದಷ್ಟಿದೆ, ಆದರೆ ನಮ್ಮ ಮಗಳು ಇರುವುದು ಅಲ್ಲೇ ಪಕ್ಕದ ಯೂನಿವರ್ಸಿಟಿ ಸಿಟಿಯಲ್ಲಿ, ಮತ್ತು ಮನೆಯಲ್ಲಿ ಹಾಯಿ ಬಿಡಲು ಬರುವ ಏಕೈಕ ಮನುಷ್ಯಳು ಅವಳು. ಓದುವುದಕ್ಕೆಂದು ಕಳಿಸಿದರೆ ಮೊದಲ ವರ್ಷವೇ ಸೇಲಿಂಗ್ ಕ್ಲಾಸಿಗೆ ಸೇರಿದ್ದಳು. ಆಗ ಬೈದಿದ್ದೆ. ಈಗ ಫೋನ್ ಮಾಡಿ, ಗುರುವಾರ ಲ್ಯಾಬಿಗೆ ರಜಾ ಹಾಕಮ್ಮ, ಎಂದು ಕೇಳಿಕೊಂಡೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿಗೂ ಮೊಮ್ಮಗಳಿಗೂ ನಡುವೆ ನಾನೇ ದುಭಾಷಿ.

ಹಿಂದಿನ ಶನಿವಾರದ ಹೊತ್ತಿಗೆ ಎಲ್ಲ ಸಿದ್ಧ. ಹಾಯಿಯ ಪಟ ಬಂದಿತ್ತು, ಕಂಬ ತಯಾರಾಗಿತ್ತು, ರಿಜಿಸ್ಟ್ರೇಷನ್ ನಂಬರ್ ಸಿಕ್ಕಿತ್ತು. ಅರ್ಜಿಯಲ್ಲಿ ‘ತಯಾರಕರು’ ಎನ್ನುವ ಕಡೆ ನನ್ನ ಹೆಸರು ಬರೆದ ದಿನ ನಾನು ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಿರಲಿಲ್ಲ, ಅಷ್ಟು ಜಂಭ. ಐದು ಕೋಟ್ ವಾರ್ನಿಷ್ ಒಣಗಿತ್ತು, ಕನ್ನಡಿಯಲ್ಲಿ ಕಂಡಂತೆ ಮುಖ ಕಾಣುತ್ತಿತ್ತು. ಉಳಿದದ್ದು ಕೊನೆಯ ಒಂದು ಕೋಟ್. ಅದನ್ನು ಸಂಜೆ ನಾಲ್ಕಕ್ಕೆ ಹಚ್ಚುವುದೆಂದು ತೀರ್ಮಾನಿಸಿದ್ದೆ.

ಭಾನುವಾರ ಅತ್ತೆಯನ್ನು ಬೀಳ್ಕೊಡಲು ಇಪ್ಪತ್ತು ಜನ ಊಟಕ್ಕೆ ಬರುವವರಿದ್ದರು. ಜೂನ್ ತಿಂಗಳಲ್ಲಿ ಇಲ್ಲಿ ಬೆಳಗೆಲ್ಲ ಮೋಡ ಕವಿದು ಜಿನುಗುತ್ತದೆ. ಆ ಶನಿವಾರ ಹಿತ್ತಲ ಒಲೆ ನೆನೆದು ಹತ್ತಲೇ ಇಲ್ಲ. ಒಳಗೆ ಕರಿಯೋಣವೆಂದರೆ ಅಲಾರ್ಮ್. ಹೆಂಡತಿ ಹಿಟ್ಟಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಳು. ಚಕ್ಕುಲಿ ನಾಳೆಗೆ, ಗೋಳಿಬಜೆ ಇವತ್ತಿಗೆ, ಎಂದಳು. ಗೋಳಿಬಜೆ ಎಂದರೆ ಮೈದಾ ಹಿಟ್ಟಿಗೆ ಹುಳಿ ಮೊಸರು ಹಾಕಿ ಕಲಸಿ ಕರಿದ, ಹೊರಗೆ ಗರಿ ಒಳಗೆ ಹತ್ತಿಯಂಥ ಉಂಡೆ. ಅತ್ತೆಯ ಕೈಯ ಗೋಳಿಬಜೆಗಾಗಿ ನಾನು ಇದಕ್ಕಿಂತ ದೊಡ್ಡ ಸಿದ್ಧಾಂತಗಳನ್ನೂ ಬಿಟ್ಟುಕೊಟ್ಟೇನು.

ಅತ್ತೆ ಬೇಡವೆಂದರು. ಎರಡು ಸಲ ಹೇಳಿದರು, ದೋಣಿಗೆ ಆಗುವುದಿಲ್ಲ ಎಂದು ನೀವೇ ಹೇಳಿದ್ದಿರಲ್ಲ ಎಂದು ನೆನಪೂ ಮಾಡಿದರು. ನಾನು ದೊಡ್ಡ ಮನುಷ್ಯನ ಹಾಗೆ ಕೈಯಾಡಿಸಿದೆ. ಐದನೇ ಕೋಟ್ ಕಲ್ಲಾಗಿದೆ, ಏನೂ ಆಗಲ್ಲ, ತನ್ನಿ ಒಲೆನ, ಎಂದೆ. ನಾನೇ ಒಲೆಯನ್ನು ಒರೆಸಿ ತಂದು ಅದರ ಹಳೆಯ ಜಾಗದಲ್ಲಿ, ದೋಣಿಯ ಮೂತಿಯಿಂದ ನಾಲ್ಕಡಿ ದೂರದಲ್ಲಿ ಇಟ್ಟೆ. ಗ್ಯಾರೇಜ್ ಬಾಗಿಲನ್ನೂ ನಾನೇ ಎಳೆದೆ, ಧೂಳು ಬರದಿರಲೆಂದು. ಮೂರು ಗಂಟೆ ಕಾಲ ಕರಿದರು. ಕೊನೆಗೆ ನಾಳೆಯ ಪುಳಿಯೋಗರೆ ಗೊಜ್ಜಿಗೆ ಒಗ್ಗರಣೆಯನ್ನೂ ಅಲ್ಲೇ ಹಾಕಿದರು. ನಾನು ದೋಣಿಗೆ ಒರಗಿ ನಿಂತು, ಬಾಣಲೆಯಿಂದ ಎದ್ದದ್ದನ್ನು ಎದ್ದ ಹಾಗೇ ತಿಂದೆ.

ನಾಲ್ಕಕ್ಕೆ ಸರಿಯಾಗಿ ಹೊಸ ಬ್ರಷ್ ತೆಗೆದು ಕೊನೆಯ ಕೋಟ್ ಹಚ್ಚಿದೆ. ಹಚ್ಚುತ್ತ ಹೋದಂತೆ ಹಿಂದೆ ಬಿಟ್ಟ ಭಾಗದಲ್ಲಿ ಏನೋ ನಡೆಯುತ್ತಿತ್ತು. ವಾರ್ನಿಷ್ ಮರದ ಮೇಲೆ ನಿಲ್ಲದೆ ಹಿಂದೆ ಸರಿಯುತ್ತಿತ್ತು. ಅಲ್ಲಲ್ಲಿ ಕಾಸಗಲದ ಗುಂಡಿಗಳು, ಒಂದಾಯಿತು, ಹತ್ತಾಯಿತು, ನೂರಾಯಿತು. ಅರ್ಧ ಗಂಟೆಯಲ್ಲಿ ನನ್ನ ಕನ್ನಡಿಯಂಥ ದೋಣಿಗೆ ಮೈಯೆಲ್ಲ ಸಿಡುಬು ಎದ್ದಿತ್ತು. ಮೂತಿಯ ಹತ್ತಿರ ಬಗ್ಗಿ ನೋಡಿದರೆ ಮೂರು ಸಾಸಿವೆಕಾಳು ವಾರ್ನಿಷ್‌ನಲ್ಲಿ ಹೂತು ಕೂತಿದ್ದವು.

ದೋಣಿ ಕಟ್ಟುವ ಹವ್ಯಾಸಿಗಳ ಒಂದು ಆನ್‌ಲೈನ್ ಗುಂಪಿದೆ, ಹೆಚ್ಚಾಗಿ ರಿಟೈರಾದ ಬಿಳಿಯ ಮುದುಕರು, ವಾರ್ನಿಷ್ ವಿಷಯದಲ್ಲಿ ಪೀಠಾಧಿಪತಿಗಳಷ್ಟೇ ನಿಷ್ಠುರರು. ಫೋಟೋ ಹಾಕಿದೆ. ಎಣ್ಣೆ ಅಂಟಿದ ಮೈಮೇಲೆ ಹಚ್ಚಿದರೆ ಹೀಗಾಗುತ್ತದೆ, ಇವತ್ತು ಆ ಜಾಗದಲ್ಲಿ ಏನು ಮಾಡುತ್ತಿದ್ದಿರಿ, ಎಂದು ಒಬ್ಬರು ಕೇಳಿದರು. ತಿಂಡಿ ಕರಿಯುತ್ತಿದ್ದೆವು ಎಂದು ಬರೆದೆ. ಆಮೇಲೆ ಒಬ್ಬರು ಯಾವ ತಿಂಡಿ ಎಂದು ಕೇಳಿದರು.

ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು, ಆಯಿತಾ, ಎಂದು ಕೇಳಿದರು. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

“ನಿಮ್ಮ ಒಲೆಯಿಂದಾನೇ ಹಾಳಾಗಿದ್ದು. ನಾಲ್ಕು ವರ್ಷದ ಕೆಲಸ. ನಿಮಗೆ ಕರಿಯೋದು ಬಿಟ್ಟು ಬೇರೆ ಏನಾದ್ರೂ ಗೊತ್ತಿದೆಯಾ?”

ಅವರು ನನ್ನ ಮುಖ ನೋಡಿದರು. ದೋಣಿಯ ಕಡೆ ತಿರುಗಲಿಲ್ಲ. ಗ್ಯಾಸ್ ಸಿಲಿಂಡರಿನ ಕಿವಿ ತಿರುಗಿಸಿ, ಬಾಣಲೆಯ ಮೇಲೆ ತಟ್ಟೆ ಮುಚ್ಚಿ, ಒಳಗೆ ಹೋದರು.

ಭಾನುವಾರ ಇಪ್ಪತ್ತು ಜನ ಬಂದು ಉಂಡರು. ದೋಣಿಯಲ್ಲಿ ಹೋಗುತ್ತೀರಂತೆ ಅಮ್ಮ, ಎಂದು ಕೇಳಿದವರಿಗೆಲ್ಲ ಅತ್ತೆ, ಇಲ್ಲ, ಪ್ಯಾಕಿಂಗ್ ಬಹಳ ಇದೆ, ಎಂದರು. ನಗುನಗುತ್ತಲೇ ಹೇಳಿದರು. ಅವರ ಎರಡು ಸೂಟ್‌ಕೇಸುಗಳು ಹಿಂದಿನ ಬುಧವಾರವೇ ತುಂಬಿ ತೂಕವಾಗಿ ಬಾಗಿಲ ಬಳಿ ನಿಂತಿದ್ದವು ಎನ್ನುವುದು ಮನೆಯವರೆಲ್ಲರಿಗೂ ಗೊತ್ತಿತ್ತು. ರಾತ್ರಿ ಪಾತ್ರೆ ತೊಳೆಯುವಾಗ ಹೆಂಡತಿ ನನ್ನ ಪಕ್ಕ ಬಂದು, ನನ್ನ ಅಮ್ಮನ ಬದಲು ನಿಮ್ಮ ಅಮ್ಮ ಆಗಿದ್ದರೆ ಹಾಗೆ ಹೇಳುತ್ತಿದ್ದಿರಾ, ಎಂದು ಒಂದೇ ಮಾತು ಕೇಳಿದಳು. ನಾನು ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದೆ.

ಕ್ಷಮೆ ಕೇಳಬೇಕಿತ್ತು. ನಮ್ಮ ಕಡೆ ಅಳಿಯಂದಿರು ಅತ್ತೆಯರ ಕಾಲಿಗೆ ನಮಸ್ಕಾರ ಬೇಕಾದರೆ ಮಾಡುತ್ತಾರೆ, ಕ್ಷಮೆ ಮಾತ್ರ ಕೇಳುವುದಿಲ್ಲ. ಹೇಗೆ ಶುರು ಮಾಡಬೇಕೆಂಬುದೇ ತಿಳಿಯದೆ ಸೋಮವಾರ ಆಫೀಸಿಗೆ ಜ್ವರವೆಂದು ಮೆಸೇಜ್ ಹಾಕಿ ಗ್ಯಾರೇಜಿಗೆ ಹೋದೆ. ಗುಂಡಿಬಿದ್ದ ಕೋಟನ್ನೆಲ್ಲ ಮರಳುಕಾಗದದಿಂದ ಉಜ್ಜಿ ಉಜ್ಜಿ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಮೈ ನುಣ್ಣಗಾಯಿತು. ಮೂತಿಯ ಮೂರು ಸಾಸಿವೆ ಮಾತ್ರ ಬರಲಿಲ್ಲ. ಕೆಳಗಿನ ಕೋಟ್ ಒಲೆಯ ಸೆಕೆಗೆ ಮೆತ್ತಗಾಗಿ ಅವುಗಳನ್ನು ಒಳಕ್ಕೆಳೆದುಕೊಂಡಿತ್ತು ಎಂದು ಕಾಣುತ್ತದೆ. ಕಲ್ಲಾಗಿದೆ ಎಂದವನು ನಾನೇ. ಇನ್ನು ಹಚ್ಚಬಹುದೆಂದು ಡಬ್ಬಿ ತೆಗೆಯುವಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈಯಲ್ಲಿ ಒಂದು ಚೊಂಬು ನೀರು.

ಹತ್ತಿರ ಬಂದು, ಕಾವಲಿ ಕಾದಿದೆಯೋ ಎಂದು ನೋಡುವಾಗ ಚಿಮುಕಿಸುವ ಹಾಗೆ ಬೆರಳಿನಿಂದ ದೋಣಿಯ ಮೇಲೆ ನೀರು ಚಿಮುಕಿಸಿದರು. ಹನಿಗಳು ಹರಡಲಿಲ್ಲ. ಮುತ್ತುಮುತ್ತಾಗಿ ನಿಂತು ಉರುಳಿಹೋದವು. ಎಣ್ಣೆ ಇನ್ನೂ ಇದೆ, ಎಂದರು. ನಾನು ಉಜ್ಜಿ ತೆಗೆದದ್ದಲ್ಲ, ಉಜ್ಜಿ ಹರಡಿದ್ದೆ. ಒಳಗೆ ಹೋಗಿ ಸೂಟ್‌ಕೇಸ್ ಪಕ್ಕದ ಚೀಲದಿಂದ ಒಂದು ಪೊಟ್ಟಣ ತಂದರು. ಸೀಗೆಪುಡಿ. ಎಣ್ಣೆಸ್ನಾನದ ದಿನ ತಲೆಯ ಜಿಡ್ಡು ತೆಗೆಯಲು ಊರಿನಿಂದ ತಂದದ್ದು, ಇಲ್ಲಿನ ಶಾಂಪೂ ಅವರಿಗೆ ನೊರೆಯಷ್ಟೇ.

ಬಿಸಿನೀರಿನಲ್ಲಿ ಕಲಸಿದರು. ಸೆರಗು ಸಿಕ್ಕಿಸಿ, ಹಸುಗೂಸಿಗೆ ಎರೆಯುವ ಹಾಗೆ, ದೋಣಿಗೆ ಹಚ್ಚಿ ತಿಕ್ಕತೊಡಗಿದರು. ನಾನು ಇನ್ನೊಂದು ಬದಿಯಿಂದ ತಿಕ್ಕಿದೆ. ಗ್ಯಾರೇಜ್ ಬಾಗಿಲು ತೆರೆದಿತ್ತು. ನಾಯಿ ಅಡ್ಡಾಡಿಸುತ್ತಿದ್ದ ಎದುರುಮನೆಯಾತ ನಿಂತು ನೋಡಿ, ಏನನ್ನೂ ಕೇಳದಿರುವುದೇ ಮೇಲೆಂದು ಮುಂದೆ ಹೋದ. ಮೂರನೇ ಸಲ ನೀರು ಹಾಕಿದಾಗ ಅದು ಹಾಳೆಯ ಹಾಗೆ ಒಂದೇ ಸಮ ಹರಡಿ ಇಳಿಯಿತು. ಆಗ ಹೇಳಿದೆ.

“ತಪ್ಪು ನಂದು ಅತ್ತೆ. ಒಲೆ ತಂದಿಟ್ಟಿದ್ದು ನಾನು, ತಿಂದಿದ್ದು ನಾನು. ನೀವು ಬೇಡ ಅಂದಿದ್ರಿ. ನಾನು ಹಾಗೆ ಮಾತಾಡಬಾರದಿತ್ತು.”

“ಅದ್ ನಂಗ್ ಗೊತ್ತಿತ್ತ್,” ಎಂದರು, ತಿಕ್ಕುವುದನ್ನು ನಿಲ್ಲಿಸದೆ. “ಹದಿನೇಳ್ ತಿಂದ್ರಿ ನೀವ್. ನಾನ್ ಲೆಕ್ಕ ಮಾಡಿದೆ.”

ಆಮೇಲೆ, ಗುರುವಾರ ಎಷ್ಟು ಗಂಟೆಗೆ ಹೊರಡುವುದು ಎಂದು ಕೇಳಿದರು. ಸೀಗೆಪುಡಿಯ ಘಾಟು ಎಂದು ಮೂಗು ಒರೆಸಿಕೊಂಡೆ.

ಸೋಮವಾರ ಸಂಜೆ ಇನ್ನೊಮ್ಮೆ ಥಿನ್ನರ್‌ನಿಂದಲೂ ಒರೆಸಿ, ಮಂಗಳವಾರ ಕೊನೆಯ ಕೋಟ್ ಹಚ್ಚಿದೆ. ಒಂದು ಗುಂಡಿಯೂ ಏಳಲಿಲ್ಲ. ಅದು ಥಿನ್ನರ್ ಮಹಿಮೆ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಅತ್ತೆ ಮಂಗಳೂರಿನ ಇಸ್ಪೀಟು ಮಂಡಳಿಯಲ್ಲಿ ಬೇರೆ ಕಥೆ ಹೇಳಿದ್ದಾರೆಂದು ಕೇಳಿದ್ದೇನೆ. ಮೂರು ಸಾಸಿವೆ ಅಲ್ಲೇ ಉಳಿದವು.

ಗುರುವಾರ ಬಾಡಿಗೆ ಟ್ರೇಲರ್ ಮೇಲೆ ದೋಣಿ ಕಟ್ಟಿ ಫ್ರೀವೇ ಹಿಡಿದೆವು. ಹೆಂಡತಿ ಡ್ರೈವ್ ಮಾಡಿದಳು, ಯಾಕೆಂದರೆ ನಾನು ಮುಂದೆ ನೋಡುವ ಸ್ಥಿತಿಯಲ್ಲಿರಲಿಲ್ಲ. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಕೂತು ಹಗ್ಗಗಳನ್ನೇ ನೋಡುತ್ತಿದ್ದೆ. ಅತ್ತೆ ಮುಂದಿನ ಸೀಟಿನಲ್ಲಿ ಪಟ್ಟೆಸೀರೆಯುಟ್ಟು, ಕೆಳಗೆ ಮೊಮ್ಮಗಳ ಹಳೆಯ ಸ್ನೀಕರ್ಸ್ ಹಾಕಿ, ಚುಕ್ಕಾಣಿಯ ಹಿಡಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದರು. ಟ್ರೇಲರಿನಲ್ಲಿ ಇಡಲು ಕೊಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೋಡ ಚದುರಿ ಮಿಷನ್ ಬೇ ತಿಳಿನೀಲಿಯಾಗಿತ್ತು. ಮಗಳು ಮೊದಲೇ ಬಂದು ಕಾಯುತ್ತಿದ್ದಳು. ದೋಣಿಯನ್ನು ನೀರಿಗಿಳಿಸುವ ಇಳಿಜಾರಿನಲ್ಲಿ ಹೆಂಡತಿ ಟ್ರೇಲರಿನ ಎರಡು ಚಕ್ರಗಳಿಗೂ ನಿಂಬೆಹಣ್ಣಿಟ್ಟಳು. ತೆಂಗಿನಕಾಯಿಯನ್ನು ದೋಣಿಯ ಮೂತಿಗೇ ಒಡೆಯುತ್ತೇನೆಂದು ಬಂದಾಗ ಮಾತ್ರ ನಾನು ಅಡ್ಡ ನಿಂತೆ. ಯಾವ ದೇವರೂ ನನ್ನ ಆರನೇ ಕೋಟಿಗೆ ಕೈ ಹಚ್ಚುವ ಹಾಗಿಲ್ಲ ಎಂದೆ. ಸಿಮೆಂಟಿನ ಮೇಲೆ ಒಡೆದಳು. ಹಿಂದೆ ಜೆಟ್ ಸ್ಕೀ ಇಳಿಸಲು ಕಾಯುತ್ತಿದ್ದ ಗಡ್ಡದವನಿಗೆ ಒಂದು ಚೂರು ಕೊಟ್ಟಳು. ಅವನು ಟೋಪಿ ತೆಗೆದು ತಿಂದ.

ಟ್ರೇಲರ್ ಹಿಂದಕ್ಕೆ ಹೋಯಿತು, ನೀರು ದೋಣಿಯ ಹೊಟ್ಟೆಗೆ ತಾಗಿತು, ಮತ್ತು ಯಾವ ಸದ್ದೂ ಇಲ್ಲದೆ ಅದು ಟ್ರೇಲರಿನಿಂದ ಎದ್ದು ನಿಂತಿತು. ತೇಲಿತು. ಹಾಗೆ ಸುಮ್ಮನೆ. ನಾಲ್ಕು ವರ್ಷ ಅದನ್ನು ಮುಟ್ಟಿದಾಗಲೆಲ್ಲ ಭಾರವಾಗಿತ್ತು, ಈಗ ಒಂದು ಬೆರಳಿಗೆ ಅಲುಗುತ್ತಿತ್ತು. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಪೆದ್ದನ ಹಾಗೆ ಅತ್ತೆ, ಅತ್ತೆ ಎಂದು ಕೂಗಿದೆ. ಹೆಂಡತಿ ದಡದಿಂದ ವಿಡಿಯೋ ಮಾಡುತ್ತಿದ್ದಳು. ಅವಳು ಹತ್ತುವುದಿಲ್ಲವೆಂದು ಮೊದಲೇ ಹೇಳಿದ್ದಳು. ಮೂವರೂ ಮುಳುಗಿದರೆ ಫೋನ್ ಮಾಡುವುದಕ್ಕೆ ಒಬ್ಬರು ಬೇಕಂತೆ.

ಮಗಳು ಮುಂದೆ ಹತ್ತಿ ಹಾಯಿಯ ಹಗ್ಗ ಹಿಡಿದಳು. ನಡುವೆ ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಟವೆಲ್, ನೀರು, ಉಳಿದ ಚಕ್ಕುಲಿಯ ಸ್ಟೀಲ್ ಡಬ್ಬಿ. ನಾನು ಹತ್ತಿದೆ. ಹತ್ತಿದವನು ಯಾವ ಯೋಚನೆಯೂ ಇಲ್ಲದೆ, ನೇರವಾಗಿ ಹಿಂದೆ ಹೋಗಿ ಚುಕ್ಕಾಣಿಯ ಪಕ್ಕ ಕೂತೆ. ಬೇಕೆಂದು ಮಾಡಿದ್ದಲ್ಲ ಎಂದು ಹೇಳಿದರೆ ಇನ್ನೂ ನಾಚಿಕೆ. ಕಟ್ಟಿದವನು ನಾನು, ಗಂಡಸು ನಾನು, ಕಾಲು ತಾನಾಗಿ ಅಲ್ಲಿಗೆ ಹೋಯಿತು. ಮೊದಲು ನಾನು ಸ್ವಲ್ಪ ದೂರ ನಡೆಸಿ, ಸುರಕ್ಷಿತವೆಂದು ಖಾತ್ರಿಯಾದ ಮೇಲೆ ಅವರಿಗೆ ಕೊಡುವುದು ಎಂದು ಮನಸ್ಸಿನಲ್ಲೇ ಕಾನೂನೂ ಮಾಡಿಕೊಂಡೆ. ಈಜು ಬಾರದವನು ನಾನು, ಸುರಕ್ಷತೆಯ ಬಗ್ಗೆ ನನ್ನದು ಕಾನೂನು.

ಅತ್ತೆ ಇಳಿಜಾರಿನ ಪಕ್ಕದ ಕಟ್ಟೆಯ ಮೇಲೆ ನಿಂತಿದ್ದರು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಕೈಯಲ್ಲಿ ಚುಕ್ಕಾಣಿಯ ಹಿಡಿ. ಹತ್ತಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿದರು. ಈ ಸಲ ತಮ್ಮ ಮಗಳಿಗೆ ಹೇಳಲಿಲ್ಲ, ನನಗೇ ಹೇಳಿದರು.

“ನೀವ್ ನಡು ಕೂಕಣಿ. ಬುಟ್ಟಿ ಹತ್ರ.”

ಎದ್ದೆ. ದೋಣಿ ವಾಲಿತು, ತೆವಳಿಕೊಂಡು ನಡುವೆ ಬಂದು, ಬುಟ್ಟಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತೆ. ಅತ್ತೆ ಮೊಮ್ಮಗಳ ಭುಜ ಹಿಡಿದು, ಕಡವಿನಲ್ಲಿ ದಿನಾ ಹತ್ತಿದವರ ಹಾಗೆ ಸಲೀಸಾಗಿ ಹೆಜ್ಜೆಯಿಟ್ಟು ಹಿಂದೆ ಹೋಗಿ ಕೂತರು. ಹಿಡಿಯನ್ನು ಅದರ ಜಾಗಕ್ಕೆ ತಾವೇ ಸಿಕ್ಕಿಸಿದರು.

ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ ಎಂದು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ತಳ್ಳಿಯಾಗಿತ್ತು, ದೋಣಿ ತಿರುಗಿಯಾಗಿತ್ತು. ಏಳು ವರ್ಷ ದಿನಕ್ಕೆ ಎರಡು ಸಲ ಇನ್ನೊಬ್ಬರ ಕೈಯನ್ನೇ ನೋಡಿದವರಿಗೆ ನನ್ನ ಪಾಠ ಬೇಕಿರಲಿಲ್ಲ. ಹಾಯಿ ಗಾಳಿ ತುಂಬಿಕೊಂಡಿತು. ತಳದ ಒಂದು ಸಂದಿನಿಂದ ಸಣ್ಣಗೆ ನೀರು ಜಿನುಗುತ್ತಿತ್ತು. ನಾನು ಸ್ಪಂಜಿನಿಂದ ಅದನ್ನು ಹೀರಿ ಹೊರಗೆ ಹಿಂಡುತ್ತಿದ್ದೆ. ಸ್ನೀಕರ್ಸ್ ಹಾಕಿದ ಎರಡು ಕಾಲು, ಮಗಳ ಬೆನ್ನು, ಹಾಯಿಯ ಕೆಳಗಿನ ಅಂಚು, ಬುಟ್ಟಿ. ನಡುವೆ ಕೂತವರಿಗೆ ದೋಣಿ ಎಲ್ಲಿಗೆ ಹೋಗುತ್ತಿದೆ ಎಂಬುದು ಕಾಣುವುದಿಲ್ಲ ಎಂದು ಆಗ ನನಗೆ ತಿಳಿಯಿತು. ಒಂದೇ ಗಂಟೆಯಲ್ಲಿ ನನಗೆ ಸಾಕಾಯಿತು.

ಕತ್ತು ತಿರುಗಿಸಿ ಅತ್ತೆಯನ್ನು ನೋಡಿದೆ. ಅವರು ನಗುತ್ತಿರಲಿಲ್ಲ. ಬಾಯಿ ಬಿಗಿಹಿಡಿದು, ಕಣ್ಣು ಕಿರಿದು ಮಾಡಿ, ನಮ್ಮೆಲ್ಲರ ತಲೆಯ ಮೇಲಿಂದ ದೂರಕ್ಕೆ ನೋಡುತ್ತಿದ್ದರು. ಅವರು ನಾಳೆ ಹೋಗುತ್ತಾರೆ ಎಂಬುದು ಮೂರು ವಾರದಲ್ಲಿ ಮೊದಲ ಸಲ ನನಗೆ ನೋವಾಗಿ ತಟ್ಟಿತು. ಮನೆ ಖಾಲಿ ಎನಿಸುತ್ತದೆ, ಗ್ಯಾರೇಜಿನಲ್ಲಿ ಮಾತಾಡಲು ಯಾರೂ ಇರುವುದಿಲ್ಲ.

ಗಾಳಿ ಜೋರಾಗುತ್ತಿತ್ತು. ಮಗಳು ಹಾಯಿಯ ಕಡೆಯಿಂದ ತಿರುಗದೆಯೇ ನನಗೆ ಹೇಳಿದಳು:

“ಡ್ಯಾಡ್, ಟೆಲ್ ಅಜ್ಜಿ ವಿ ಶುಡ್ ಟರ್ನ್ ಬ್ಯಾಕ್ ನೌ.”

“ಎಂತ ಅಂಬ್ತಾಳ್ ಅವ್ಳ್?” ಎಂದು ಅತ್ತೆ ಕೇಳಿದರು.

ಏನಿಲ್ಲ ಅತ್ತೆ, ನೀವು ನಡೆಸಿ, ಎಂದೆ. ಚಕ್ಕುಲಿಯ ಡಬ್ಬಿ ನೆನೆಯದ ಹಾಗೆ ಬುಟ್ಟಿಯನ್ನು ಮಡಿಲಿಗೆತ್ತಿಕೊಂಡೆ.